ಬದಾಮ್ ವಾಡಿಯ ಹಳದಿ ಉಂಗುರ

ಭಾನುವಾರ ಬೆಳಿಗ್ಗೆ ಚಹದ ಲೋಟ ಹಿಡಿದು ಚಾಳದ ಅಂಗಳಕ್ಕೆ ಬಂದ ದಾನಪ್ಪ, ಹೆಗಲ ಮೇಲೆ ಬಿದ್ದ ಬದಾಮಿ ಎಲೆಯನ್ನು ಎಲ್ಲರಂತೆ ಕೊಡವಿ ಹಾಕಿದ್ದರೆ ಆ ದಿನ ಸುಖವಾಗಿ ಕಳೆಯುತ್ತಿತ್ತು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ.

ಎಲೆ ನೋಡುವುದು ಅವನ ಹೊಟ್ಟೆಪಾಡು. ಬಾಂದ್ರಾದ ಒಂದು ಸಸ್ಯರೋಗ ಪರೀಕ್ಷೆಯ ಲ್ಯಾಬಿನಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಅಸಿಸ್ಟಂಟ್. ನಾಶಿಕದ ದ್ರಾಕ್ಷಿ, ಕೊಂಕಣದ ಗೋಡಂಬಿ, ಸೊಲ್ಲಾಪುರದ ದಾಳಿಂಬೆ, ಯಾವ ತೋಟದಲ್ಲಿ ಏನು ಕೆಟ್ಟರೂ ಅದರ ಎಲೆ ಇವನ ಮೇಜಿಗೆ ಬರುತ್ತಿತ್ತು. ಇವನು ತೊಳೆದು, ಕೊಯ್ದು, ಗಾಜಿನ ಮೇಲೆ ಹಚ್ಚಿ ಕೊಡಬೇಕು; ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಹೆಸರು ಬರೆಯುವವರು ಬೇರೆಯವರು. ಈ ಚಟ ಮನೆಯವರೆಗೂ ಬಂದು, ಮಲಾಡ್ ಮಾರ್ಕೆಟ್ಟಿನ ಸೊಪ್ಪಿನವರು ಅವನನ್ನು ದೂರದಿಂದಲೇ ಕಂಡು ಮೆಂತ್ಯದ ಕಟ್ಟುಗಳ ಮೇಲೆ ಒದ್ದೆ ಗೋಣಿ ಎಳೆದುಬಿಡುತ್ತಿದ್ದರು.

ಎಲೆಯ ಮೇಲೆ ಕಪ್ಪು ಚುಕ್ಕೆಗಳಿದ್ದವು. ಪ್ರತಿ ಚುಕ್ಕೆಯ ಸುತ್ತ ಬಳೆಯಂತೆ ತೆಳ್ಳಗಿನ ಹಳದಿ ಉಂಗುರ.

ಮುಂಬೈಯ ಮಲಾಡಿನ ಈ ಬದಾಮ್ ವಾಡಿ ಎಂಬುದು ಹೆಸರಿಗೆ ತಕ್ಕಂತೆ ಒಂದು ಕಾಲಕ್ಕೆ ತೋಟವೇ ಆಗಿತ್ತು. ಮಿಠಾಯಿ ಅಂಗಡಿಯ ಬದಾಮಿಯಲ್ಲ. ಅಗಲ ಎಲೆಯ, ಕೊಡೆಯಂತೆ ಹರಡುವ ಮರ. ಹಣ್ಣಿನ ಓಟೆಯನ್ನು ಮಕ್ಕಳು ಅರ್ಧ ತಾಸು ಕಲ್ಲಿನಿಂದ ಜಜ್ಜಿದರೆ ಒಳಗೆ ಸಣ್ಣದೊಂದು ಬೀಜ ಸಿಗುತ್ತದೆ, ಅದನ್ನೂ ದೊಡ್ಡವರು ಕಸಿದು ತಿನ್ನುತ್ತಾರೆ. ತೋಟ ಹೋಗಿ ಎರಡಂತಸ್ತಿನ ಚಾಳ ಬಂತು, ಒಂಟಿಕೋಣೆಯ ನಲವತ್ತೆರಡು ಖೋಲಿ ಬಂದವು, ಕೊನೆಯಲ್ಲಿ ಸಾರ್ವಜನಿಕ ಶೌಚಾಲಯಗಳ ಸಾಲು ಬಂತು. ಮರಗಳಲ್ಲಿ ಹದಿನಾಲ್ಕು ಉಳಿದವು. ಆರು ವರ್ಷದಿಂದ ಒಬ್ಬ ಬಿಲ್ಡರ್ ಚಾಳ ಕೆಡವಿ ಟವರ್ ಕಟ್ಟುತ್ತೇನೆ, ಎಲ್ಲರಿಗೂ ಫ್ಲ್ಯಾಟ್ ಕೊಡುತ್ತೇನೆ ಎನ್ನುತ್ತಿದ್ದ. ಆರೋಗ್ಯವಾಗಿರುವ ಮರಗಳನ್ನು ಕಡಿಯಲು ಪರವಾನಗಿ ಸಿಗದೆ ಕೆಲಸ ನಿಂತಿತ್ತು. ಅಂದು ಸಂಜೆ ಐದಕ್ಕೆ ಚಾಳದ ಮೀಟಿಂಗ್ ಇತ್ತು. ಬಿಲ್ಡರ್ ಬೇಸತ್ತಿದ್ದಾನೆ, ಇನ್ನೇನಾದರೂ ದಾರಿ ಉಂಟೇ ಎಂದು ನೋಡುವ ಕೊನೆಯ ಮೀಟಿಂಗ್.

"ಏನ್ ನೋಡಾಕತ್ತೀರಿ ಕಾಕಾ?" ಎನ್ನುತ್ತ ಸುಭಾಷ ಹತ್ತಿರ ಬಂದ. ಬೆಳಗಾವಿ ಕಡೆಯವನು, ಸ್ಟೇಷನ್ ರೋಡಿನಲ್ಲಿ ಝೆರಾಕ್ಸ್ ಅಂಗಡಿ, ಚಾಳಿನಲ್ಲಿ ಸೆಕ್ರೆಟರಿ.

"ಏನಿಲ್ಲಪ್ಪಾ. ಈ ಎಲಿಗೆ ಏನೋ ರೋಗ ಬಂದಂಗ ಕಾಣತೈತಿ."

ಸುಭಾಷ ಮರಗಳತ್ತ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಗಿಡಕ್ಕ ರೋಗ ಬಂದ್ರ ಕಡಿಲಿಕ್ಕೆ ಪರ್ಮಿಶನ್ ಸಿಗತದ, ಹೌದಲ್ರಿ?"

ದಾನಪ್ಪ ಉತ್ತರ ಕೊಡುವಷ್ಟರಲ್ಲಿ ಸುಭಾಷ ಮೆಟ್ಟಿಲ ಮೇಲಿದ್ದ. ಲೋಟದ ಚಹ ಆರುವ ಮೊದಲೇ ಸುದ್ದಿ ಮೇಲಿನ ಅಂತಸ್ತಿನ ತುದಿ ಮುಟ್ಟಿ ತಿರುಗಿ ಬಂತು, ದಾರಿಯಲ್ಲಿ ಮೈಕೈ ತುಂಬಿಕೊಂಡು. ಹೋಗುವಾಗ ಒಂದು ಎಲೆಗೆ ರೋಗವಿತ್ತು. ಬರುವಾಗ ಹದಿನಾಲ್ಕು ಮರಗಳೂ ಸತ್ತಿದ್ದವು, ಗಾಳಿಗೆ ಅದು ಮನುಷ್ಯರಿಗೂ ಹತ್ತುತ್ತದಂತೆ, ಯಾರೋ ಆಗಲೇ ನೀರಿನ ಡ್ರಮ್ಮಿಗೆ ಹಳೆಯ ಸೀರೆ ಮುಚ್ಚಿದ್ದರು.

ದಾನಪ್ಪ ಮನೆಯೊಳಗೆ ಕಾಲಿಟ್ಟಾಗ ಹೆಂಡತಿ ನೀಲಾಬಾಯಿ ಅಕ್ಕಿ ಆರಿಸುವುದನ್ನು ಬಿಟ್ಟು ಅವನ ಮುಖ ನೋಡಿದಳು. ಅಂಥ ನೋಟ ಅವನು ಮದುವೆಯ ಹೊಸತರಲ್ಲಿ ಕಂಡಿದ್ದು.

"ಖರೇನೇನ್ರಿ? ಹದಿನಾಲ್ಕೂ ಹೋಗ್ತಾವಂತ?"

"ಯಾರಂದ್ರು? ಒಂದ ಎಲಿ ನೋಡೀನಿ ನಾನು."

"ಒಂದು ಎಲಿ ಕೆಟ್ಟೈತಿ ಅಂದ್ರ ಉಳಿದದ್ದು ಕೆಡಾಕ ಎಷ್ಟೊತ್ತು ಬೇಕು? ನಿಮ್ಮ ಕೆಲಸದಿಂದ ಮನಿಗೆ ಇಷ್ಟ ವರ್ಷದಾಗ ಏನೂ ಬಂದಿಲ್ಲ. ಈಗರೆ ಬರ್ಲಿ." ಮಂಡಿ ಹಿಡಿದುಕೊಂಡು ಎದ್ದಳು. "ಬಾಲ್ದಿ ಹಿಡಕೊಂಡು ಪಾಳಿ ನಿಂತು ನಿಂತು ನನ್ನ ಕಾಲು ಹೋದವು. ಸಾಯೋದ್ರೊಳಗ ಮನಿ ಒಳಗಿನ ಪಾಯಖಾನಿ ಬಾಗಿಲು ಒಮ್ಮೆ ಹಾಕ್ಕೋಬೇಕಂತ ಆಸೆ. ಮತ್ತೇನೂ ಕೇಳಿಲ್ಲ ನಿಮಗ."

ಅವಳು ಕೇಳಿದ್ದು ಹೆಚ್ಚಿನದೇನಲ್ಲ. ಆದರೆ ಸುಳ್ಳು ರಿಪೋರ್ಟನ್ನು ಅವನು ಇಷ್ಟು ವರ್ಷದಲ್ಲಿ ಬೇರೆಯವರ ತೋಟದ ಬಗ್ಗೆಯೂ ಕೊಟ್ಟವನಲ್ಲ. ಅಲ್ಲದೆ ಇದು ಜನವರಿ. ಬದಾಮಿ ಎಲೆಗಳು ತಾವಾಗಿಯೇ ಕೆಂಪಾಗಿ ಉದುರುವ ಕಾಲ. ರೋಗ ಯಾವುದು, ವಯಸ್ಸು ಯಾವುದು ಎಂದು ಹೇಳಲು ಮುಟ್ಟಿ ಕೊಯ್ದು ನೋಡಲೇಬೇಕು. ಅಡುಗೆಮನೆಯ ಚಾಕು, ಒಂದು ಸ್ಟೂಲು, ದಾರದುಂಡೆ ಮತ್ತು ಹಳೆಯ ಕ್ಯಾಲೆಂಡರಿನ ಚೂರುಗಳನ್ನು ತೆಗೆದುಕೊಂಡು ಅವನು ಅಂಗಳಕ್ಕೆ ಇಳಿದ.

ನಲ್ಲಿಯ ಹತ್ತಿರದ ಮೂರು ಮರಗಳಿಂದ ಶುರುಮಾಡಿದ. ಮೂರರಲ್ಲೂ ಉಂಗುರದ ಚುಕ್ಕೆ, ರೆಂಬೆಯ ಸಂದಿಯಲ್ಲಿ ಜೇನಿನ ಬಣ್ಣದ ಅಂಟು. ಆಮೇಲೆ ಒಂದೊಂದಾಗಿ ಉಳಿದ ಹನ್ನೊಂದು. ಕೈಗೆ ಎಟುಕಿದ ರೆಂಬೆಯ ತುದಿ ಕೊಯ್ದು, ಎಲೆ ತಿರುಗಿಸಿ ಮುರುಗಿಸಿ ನೋಡಿ, ಮರಕ್ಕೆ ನಂಬರಿನ ಚೀಟಿ ಕಟ್ಟಿದ. ಹನ್ನೊಂದರಲ್ಲಿ ಕೆಂಪು ಇತ್ತು, ಉಂಗುರ ಇರಲಿಲ್ಲ. ಅವುಗಳ ಚೀಟಿಯ ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ 'ಸ್ವಚ್ಛ' ಎಂದು ಬರೆದ.

ಒಂಬತ್ತನೆಯ ಮರದ ಬುಡದಲ್ಲಿ ಹಾಲವ್ವ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ. ಟವರ್ ಬೇಡ, ಗಿಡ ಇರಲಿ ಎನ್ನುವ ಚಾಳಿನ ಹೆಂಗಸರಿಗೆಲ್ಲ ಅವಳೇ ಮುಂದಾಳು. ಆ ನೆರಳಿನಲ್ಲಿ ಹಪ್ಪಳದ ಹಿಟ್ಟು ಕಲಸುತ್ತಾರೆ, ಕೂಸು ಮಲಗಿಸುತ್ತಾರೆ, ಸೊಸೆಯಂದಿರ ವಿಚಾರಣೆ ನಡೆಸುತ್ತಾರೆ.

"ಏ ದಾನಪ್ಪಾ, ಗಿಡಕ್ಕ ಚಾಕು ಯಾಕ ಹಚ್ಚಾಕತ್ತಿ?"

"ಡಾಕ್ಟರು ರಕ್ತ ತಗೋತಾರಲ್ಲಾ ಆಯಿ, ಇದೂ ಹಂಗ."

"ರಕ್ತ ತಗೊಂಡು ಹೋದವರು ಹೊಳ್ಳಿ ಬಂದು ಏನು ಹೇಳ್ತಾರ ಅನ್ನೋದು ನನಗ ಗೊತ್ತೈತಿ. ನಮ್ಮ ಮನ್ಯಾಗ ಇಬ್ಬರದು ತಗೊಂಡಿದ್ರು."

ದಾನಪ್ಪ ಆ ಮರಕ್ಕೂ ಚೀಟಿ ಕಟ್ಟಿ, ಉಳಿದವನ್ನೂ ಮುಗಿಸಿದ. ರೆಂಬೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಸ್ಟೇಷನ್ನಿಗೆ ಹೊರಟ.

ಭಾನುವಾರದ ಮೆಗಾಬ್ಲಾಕ್, ರಿಪೇರಿಗೆಂದು ಫಾಸ್ಟ್ ಹಳಿ ಬಂದ್. ಫಾಸ್ಟ್ ಗಾಡಿಯ ಜನರೂ ಸ್ಲೋ ಗಾಡಿಯಲ್ಲೇ ತುಂಬಿದ್ದರು. ಚೀಲವನ್ನು ಕೂಸಿನಂತೆ ಎದೆಗೊತ್ತಿಕೊಂಡು ನಿಂತ ದಾನಪ್ಪನನ್ನು ಗೋರೆಗಾಂವ್ ಬರುವಷ್ಟರಲ್ಲಿ ಒಬ್ಬ ಗುರುತಿಸಿದ. ದಾನಪ್ಪನನ್ನಲ್ಲ, ಎಲೆಯನ್ನು. ಮೀನಿನ ತೊಟ್ಟಿಯ ನೀರಿಗೆ ಬದಾಮಿ ಎಲೆ ಹಾಕಿದರೆ ಮೀನು ಗಟ್ಟಿಮುಟ್ಟಾಗಿರುತ್ತವಂತೆ, ಆನ್‌ಲೈನಿನಲ್ಲಿ ತರಿಸುತ್ತಾನಂತೆ. ಎರಡು ಕೊಡಿ ಅಂಕಲ್, ಎಂದು ಹಿಂದಿಯಲ್ಲಿ ಕೇಳಿದ. ಪಕ್ಕದಲ್ಲಿದ್ದ ಹಿರಿಯರಿಗೆ ಇದು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ನೆನಪಾಯಿತು. ಅವರ ಪಕ್ಕದವರಿಗೆ ಕೂದಲು ಉದುರುವುದಕ್ಕೆ ಎಂದು ನೆನಪಾಯಿತು. ಜೋಗೇಶ್ವರಿ ದಾಟುವಾಗ ದಾನಪ್ಪನ ಚೀಲದಲ್ಲಿ ಅವನದಲ್ಲದ ಮೂರು ಕೈಗಳಿದ್ದವು.

"ಮುಟ್ಟಬ್ಯಾಡ್ರೀ, ಬಿಮಾರಿ ಹೈ ಇದರಾಗ," ಎಂದ ಅವನು, ಗಾಬರಿಯಲ್ಲಿ ಎರಡೂ ಭಾಷೆ ಬೆರೆಸಿ.

ಬಿಮಾರಿ ಎಂಬ ಮಾತಿಗೆ ಆ ರೈಲುಡಬ್ಬಿ ಕೊಟ್ಟ ಮರ್ಯಾದೆ ದೊಡ್ಡದು. ಮೂರು ಕೈಗಳೂ ಹೊರಬಂದವು. ಉಸಿರಾಡಲು ಜಾಗವಿಲ್ಲದ ಕಡೆ ಅವನ ಸುತ್ತ ಒಂದು ಮಂಚ ಹಾಕುವಷ್ಟು ಜಾಗವಾಯಿತು. ಕಿಟಕಿಯ ಪಕ್ಕದ ಸೀಟಿನಿಂದ ಒಬ್ಬರು ಎದ್ದೇ ಹೋದರು. ದಾನಪ್ಪ ಅಂಧೇರಿಯಿಂದ ಬಾಂದ್ರಾದವರೆಗೆ ರಾಜನಂತೆ ಕೂತು ಹೋದ.

ಲ್ಯಾಬಿನಲ್ಲಿ ಡಾಕ್ಟರ್ ಸೌಮ್ಯಾ ಇದ್ದಳು. ಭಾನುವಾರವೂ ಬಂದು ತನ್ನ ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳನ್ನು ನೋಡಿ ಹೋಗುವವಳು. ಅಪ್ಪ ಅಮ್ಮ ಧಾರವಾಡದವರು, ಇವಳು ಮುಂಬೈಯಲ್ಲೇ ಹುಟ್ಟಿದವಳು. ದಾನಪ್ಪ ಒಂದನೇ ಮರದ ಎಲೆಯ ಚುಕ್ಕೆಯ ಅಂಚನ್ನು ಉಗುರಿನಷ್ಟು ಕೊಯ್ದು, ನೀರಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಸರಿಸಿದ. ಸೌಮ್ಯಾ ಕಣ್ಣಿಟ್ಟು ನೋಡಿ ಪಕ್ಕಕ್ಕೆ ಸರಿದಳು.

"ಕಾಕಾ, ನೀವು ನೋಡಿ."

ಕೊಯ್ದ ಅಂಚಿನಿಂದ ಬಿಳಿ ಮೋಡ ಹೊರಬರುತ್ತಿತ್ತು. ಬಿಸಿನೀರಿಗೆ ಹಾಲು ಬಿಟ್ಟಂತೆ, ನಿಧಾನವಾಗಿ, ನಿಲ್ಲದೆ. ಒಂದೊಂದು ಎಳೆಯಲ್ಲೂ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ. ಬೂಷ್ಟಿನ ರೋಗವಾಗಿದ್ದರೆ ಹೀಗೆ ಹರಿಯುತ್ತಿರಲಿಲ್ಲ.

"ಬದಾಮ್‌ನಲ್ಲಿ ಇದನ್ನ ನಾನು ಕಭೀ ನೋಡಿಲ್ಲ," ಎಂದಳು ಸೌಮ್ಯಾ. "ನನ್ನ ಹತ್ರ ಇರೋ ಬುಕ್ಸ್‌ನಲ್ಲೂ ಇಲ್ಲ. ಪ್ಲೇಟ್ ಮೇಲೆ ಬೆಳೆಸಬೇಕು, ಹೆಸರು ಗೊತ್ತಾಗೋಕೆ ಟೈಮ್ ಬೇಕು. ಆದ್ರೆ ಹೊಸದು ಅನ್ಸುತ್ತೆ. ಫರ್ಸ್ಟ್ ನೀವೇ ನೋಡಿದ್ದು ಕಾಕಾ."

ದಾನಪ್ಪ ಮತ್ತೊಮ್ಮೆ ಕಣ್ಣಿಟ್ಟ. ಕೇಡಿನ ವಸ್ತುವೇ ಆದರೂ ಅದು ಚೆಂದವಿತ್ತು. ಇಷ್ಟು ವರ್ಷ ಬೇರೆಯವರಿಗಾಗಿ ಹನಿ ಇಟ್ಟು ಸರಿಯುತ್ತಿದ್ದವನಿಗೆ, ನೋಡಿ ಎಂದು ಯಾರೋ ತನಗಾಗಿ ಸರಿದ ದಿನ ಇದು. ಹದಿನಾಲ್ಕೂ ರೆಂಬೆಗಳನ್ನು ನೋಡಿದರು. ಮೂರರಲ್ಲಿ ಮೋಡ, ಹನ್ನೊಂದರಲ್ಲಿ ಬರೀ ನೀರು.

"ಮೂರೇ ಅದಾವು," ಎಂದ. ಆ ಮಾತಿನೊಂದಿಗೆ ನೀಲಾಬಾಯಿಯ ಹೊಸ ಮನೆಯ ಆಸೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ.

"ವೆರಿ ಗುಡ್. ಬಾಕಿ ಉಳಿಸಬಹುದು." ಸೌಮ್ಯಾ ಬರೆದುಕೊಳ್ಳುತ್ತಿದ್ದಳು. "ಯಾವ ಆರ್ಡರ್‌ನಲ್ಲಿ ಕಟ್ ಮಾಡಿದ್ರಿ?"

"ಮೊದಲು ಆ ಮೂರು. ಆಮ್ಯಾಗ ಉಳಿದದ್ದು."

"ಪ್ರತಿ ಮರಕ್ಕೂ ಚಾಕು ಸ್ಪಿರಿಟ್‌ನಲ್ಲಿ ಒರೆಸಿದ್ರಲ್ವಾ?"

ಈ ಲ್ಯಾಬಿನಲ್ಲಿ ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಹೋಗುವ ಮುನ್ನ ಸೂಕ್ಷ್ಮಜೀವಿ ಎತ್ತುವ ತಂತಿಯನ್ನು ಬೆಂಕಿಯಲ್ಲಿ ಕೆಂಪಾಗಿಸದೆ ಅವನು ಒಮ್ಮೆಯೂ ಮುಟ್ಟಿಸಿದವನಲ್ಲ. ಹೊಸಬರಿಗೆ ಅದನ್ನು ಬೈದು ಕಲಿಸಿದವನೇ ಅವನು. ಮನೆಯ ಅಂಗಳದಲ್ಲಿ, ಲುಂಗಿಯಲ್ಲಿ, ಅಡುಗೆಮನೆಯ ಚಾಕು ಹಿಡಿದಾಗ ಅದು ನೆನಪಿಗೇ ಬಂದಿರಲಿಲ್ಲ.

ಅವನ ಮುಖ ನೋಡಿ ಸೌಮ್ಯಾ ಪೆನ್ನು ಕೆಳಗಿಟ್ಟಳು. "ಚಾಕುವಿನಿಂದ ಬಾಕಿ ಮರಗಳಿಗೂ ರೋಗ ಹತ್ತಿರಬಹುದು, ಹತ್ತದೇ ಇರಬಹುದು. ಎರಡು ಮೂರು ವಾರ ಆದ್ಮೇಲೆ ಗೊತ್ತಾಗುತ್ತೆ. ಈಗ ಮಾತ್ರ ಹದಿನಾಲ್ಕೂ ಸಂಶಯದಲ್ಲೇ ಇಡಬೇಕು ಕಾಕಾ. ನಾನು ನಮ್ಮ ಹೆಡ್ ಸರ್‌ಗೆ ಫೋನ್ ಮಾಡಿ ಕೇಳ್ತೀನಿ, ಮುಂದೆ ಏನು ಅಂತ."

ವಾಪಸ್ ಗಾಡಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಈ ಬಾರಿ ಅವನ ಬಳಿ ಬಿಮಾರಿ ಇರಲಿಲ್ಲ. ವಿಲೆಪಾರ್ಲೆಯಲ್ಲಿ ನೀಲಾಬಾಯಿಯ ಫೋನು ಬಂತು.

"ಎಷ್ಟ್ರೀ?"

"ಮೂರು ಖಾತ್ರಿ. ಉಳಿದದ್ದರ ಮ್ಯಾಲ ಸಂಶಯ ಐತಿ."

"ಅಂದ್ರ ಹದಿನಾಲ್ಕೂ," ಎಂದು ಲೆಕ್ಕ ಮುಗಿಸಿ ಅವಳು ಫೋನಿಟ್ಟಳು.

ಕೈಯಲ್ಲಿ ಹಿಡಿದ, ಗಾಡಿಯ ಮಾಡಿನಿಂದ ಇಳಿಬಿದ್ದ ಕಡಗ ಜೋಲಾಡುತ್ತಿತ್ತು, ದಾನಪ್ಪನೂ ಜೋಲಾಡುತ್ತಿದ್ದ. ಹದಿನಾಲ್ಕೂ ಸಂಶಯ ಎಂದಷ್ಟೇ ಹೇಳಿ ಕೂತರೆ ಅದು ಸುಳ್ಳಲ್ಲ. ನೀಲಾಬಾಯಿಗೆ ಮನೆ ಸಿಗುತ್ತದೆ, ಸುಭಾಷ ಕೈ ಕುಲುಕುತ್ತಾನೆ. ಆದರೆ ಹಾಲವ್ವ ಕೇಳುತ್ತಾಳೆ, ಬೆಳಿಗ್ಗೆ ಸ್ವಚ್ಛ ಎಂದು ಬರೆದವ ಸಂಜೆ ಹೀಗ್ಯಾಕೆ ಅಂತೀ ಎಂದು. ಅವಳು ಕೇಳದಿದ್ದರೂ, ನಾಳೆ ಲ್ಯಾಬಿಗೆ ಹೋಗಿ ತಂತಿಯನ್ನು ಬೆಂಕಿಗೆ ಹಿಡಿಯುವಾಗ ಅವನದೇ ಕೈ ಕೇಳುತ್ತದೆ. ಮಲಾಡ್ ಬರುವಷ್ಟರಲ್ಲಿ ಅವನು ನಿರ್ಧರಿಸಿದ್ದ.

ಐದು ಗಂಟೆಗೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿದ್ದವು. ಟವರಿನವರು ಒಂದು ಕಡೆ, ಗಿಡದವರು ಒಂದು ಕಡೆ, ಮದುವೆಯಲ್ಲಿ ಗಂಡಿನ ಕಡೆ ಹೆಣ್ಣಿನ ಕಡೆ ಇದ್ದಂತೆ. ದಾನಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದ. ಮೂರು ಮರದ ರೋಗ, ಬಿಳಿ ಮೋಡ, ಆಮೇಲೆ ಚಾಕು.

"ಉಳಿದ ಹನ್ನೊಂದು ಬೆಳಿಗ್ಗೆ ಚಲೋ ಇದ್ದವು. ಅವಕ್ಕ ಏನರೆ ಹತ್ತಿದ್ರ ಅದು ನನ್ನ ಕೈಯಿಂದ. ನಾ ತಿಳಿದಾಂವಾಗಿ ತಪ್ಪು ಮಾಡೀನಿ."

ಬೈಗುಳಕ್ಕಾಗಿ ಅವನು ತಲೆ ತಗ್ಗಿಸಿ ಕಾದ. ಬಂದದ್ದು ಚಪ್ಪಾಳೆ.

"ಬಿಲ್ಡರ್‌ನ ಇಡೀ ಆಫೀಸಿಗೆ ಆರು ವರ್ಷ ಆಗಲಾರದ್ದು, ನಮ್ಮ ಕಾಕಾ ಒಂದ ಮುಂಜಾನ್ಯಾಗ ಒಂದ ಚಾಕುದಾಗ ಮಾಡಿದ್ರು," ಎಂದ ಸುಭಾಷ. ಟವರಿನ ಕಡೆಯವರೆಲ್ಲ ಎದ್ದು ನಿಂತರು. ಬಿಲ್ಡರ್ ಬಂದರೆ ಹೊದಿಸಲೆಂದು ತಂದಿದ್ದ ಶಾಲು ದಾನಪ್ಪನ ಹೆಗಲೇರಿತು. ಅದು ತಪ್ಪಿಗೆ ಹೊದಿಸಿದ ಶಾಲು ಎಂದು ಅವನು ತಿಳಿಸಿ ಹೇಳಲು ಹೋದಷ್ಟೂ ಜನ ಅವನ ವಿನಯವನ್ನು ಹೊಗಳಿದರು. ಹಿಂದಿನ ಸಾಲಿನಲ್ಲಿ ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಲವ್ವ ಮಾತ್ರ ಕೂತಲ್ಲಿಂದಲೇ ಹೇಳಿದಳು, "ಹೇಳಿದ್ಯಲ್ಲಪಾ, ಅಷ್ಟು ಸಾಕು. ಉಳಿದವರು ಹೇಳತಿರಲಿಲ್ಲ." ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಆಗ ಸೌಮ್ಯಾಳ ಫೋನು ಬಂತು. ಸುಭಾಷ ಅದನ್ನು ಇಸಿದುಕೊಂಡು ಸ್ಪೀಕರಿಗೆ ಹಾಕಿದ, ಡಾಕ್ಟರ ಬಾಯಿಂದಲೇ ಎಲ್ಲರೂ ಕೇಳಲಿ ಎಂದು.

"ಕಾಕಾ, ಸರ್ ಜೊತೆ ಮಾತಾಡ್ದೆ. ಇದು ಹೊಸ ರೋಗ ಇದ್ರೆ ಮರ ಕಡಿಯೋ ಹಾಗಿಲ್ಲ. ಕಡಿದ್ರೆ ಪುಡಿ, ಚಕ್ಕೆ ಎಲ್ಲಾ ಕಡೆ ಹರಡುತ್ತೆ. ಮಣ್ಣೂ ಅಗೆಯೋ ಹಾಗಿಲ್ಲ. ಸರ್ಕಾರದ ತಜ್ಞರು ಬಂದು ನೋಡೋವರೆಗೂ ಅಲ್ಲಿಂದ ಒಂದು ಎಲೆನೂ ಹೊರಗೆ ಹೋಗಬಾರದು."

"ಎಷ್ಟು ದಿನಾ ಮ್ಯಾಡಮ್?" ಸುಭಾಷನ ದನಿ ಸಣ್ಣದಾಗಿತ್ತು.

"ದಿನ ಅಲ್ಲ. ಎರಡು ಸೀಸನ್ ನೋಡಬೇಕಂತೆ. ಮೂರೂ ಆಗಬಹುದು."

ಟವರಿನ ಸಾಲು ಕೂತುಕೊಂಡಿತು. ಗಿಡದ ಸಾಲು ಎದ್ದಿತು. ಹಾಲವ್ವನ ಮುಖ ಅರಳುವಷ್ಟರಲ್ಲಿ ಫೋನು ಮುಂದುವರಿಯಿತು.

"ಮತ್ತೆ, ಮರದ ಕೆಳಗೆ ಯಾರೂ ಹೋಗಬಾರದು. ಕೂಡೋದು, ಒಣಗಿಸೋದು, ಕಸ ಗುಡಿಸೋದು ಏನೂ ಬೇಡ. ಹಗ್ಗ ಕಟ್ಟಿಬಿಡಿ. ಬಿದ್ದ ಎಲೆ ಎಲ್ಲಾ ಹೆಕ್ಕಿ ಮುಚ್ಚಿದ ಚೀಲದಲ್ಲಿ ಇಡಬೇಕು. ಅದನ್ನ ತರಬೇತಿ ಇದ್ದವರೇ ಮಾಡಬೇಕು. ಅಲ್ಲಿ ಅಂಥವರು ನೀವೊಬ್ಬರೇ ಅಲ್ವಾ ಕಾಕಾ."

ಗಿಡದ ಸಾಲೂ ಕೂತುಕೊಂಡಿತು. ಆರು ವರ್ಷದಲ್ಲಿ ಮೊದಲ ಸಲ ಬದಾಮ್ ವಾಡಿಯ ಎರಡು ಪಂಗಡಗಳೂ ಒಂದೇ ಮಾತಿಗೆ ಬಂದು, ಒಬ್ಬನನ್ನೇ ನೋಡಿದವು. ಸುಭಾಷ ಎದ್ದು ಬಂದು, ಕಾಕಾನ ಹೆಗಲಿನ ಶಾಲನ್ನು ಎರಡೂ ಕೈಯಿಂದ ಮರ್ಯಾದೆಯಾಗಿ ತೆಗೆದು, ನಾಲ್ಕು ಮಡಿಕೆ ಮಾಡಿ, ಕವರಿಗೆ ಹಾಕಿಕೊಂಡು ಹೋದ.

ಕುರ್ಚಿಗಳು ಖಾಲಿಯಾದವು. ದಾನಪ್ಪ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಮರಗಳ ಸುತ್ತ ಕಟ್ಟಿದ, ಒಳಗೆ ಹೋಗಿ ಎಲೆ ಹೆಕ್ಕಲು ಬಗ್ಗಿದ. ಹೊತ್ತು ಇಳಿಯುತ್ತಿತ್ತು. ಒಂದು ಹೆಕ್ಕಿದರೆ ಎರಡು ಬೀಳುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಸರಬರ ಸದ್ದಾಯಿತು. ನೀಲಾಬಾಯಿ ಹಗ್ಗದ ಅಡಿಯಿಂದ ನುಸುಳಿ ಬಂದು ಒಂಬತ್ತನೆಯ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು.

"ತರಬೇತಿ ಇದ್ದವರ ಬರಬೇಕಂತ," ಎಂದ ಅವನು, ಅವಳ ಮುಖ ನೋಡದೆ.

"ನಲವತ್ತು ವರ್ಷ ಅಕ್ಕಿ ಆರಿಸೀನಿ. ಹರಳು ಯಾವುದು ಕಾಳು ಯಾವುದು ನನಗ ಯಾರೂ ಹೇಳಬೇಕಾಗಿಲ್ಲ." ಅವಳು ಎಲೆಗಳನ್ನು ಮೊರದಲ್ಲಿ ಆಡಿಸುವಂತೆ ಬೆರಳಲ್ಲಿ ಸರಿಸುತ್ತಿದ್ದಳು. "ಸಿಟ್ಟು ಬಂದೈತಿ ನನಗ. ಆಮ್ಯಾಗ ಬೈತೀನಿ. ಮೊದಲು ಇದನ್ನ ನೋಡ್ರಿ, ಹಳದಿ ಉಂಗುರ ಅಂದ್ರ ಇದ ಅಲ್ಲೇನು?"

ದಾನಪ್ಪ ಎಲೆ ಇಸಿದುಕೊಂಡ. ಉಂಗುರವೇ. ಚುಕ್ಕೆ ಒಣಗಿ ನಡುವೆ ತೂತು ಬಿದ್ದಿತ್ತು.

"ಇದು ಎಲ್ಲಿತ್ತು?"

"ಈ ಗಿಡದ್ದ. ಈಗ ಮ್ಯಾಲಿಂದ ಬಿತ್ತು, ನನ್ನ ಕಣ್ಣೆದುರಿಗೆ."

ಅವನು ತಲೆಯೆತ್ತಿದ. ಕೈಗೆ ಎಟುಕುವ ರೆಂಬೆಗಳಿಂದ ಎರಡಾಳು ಎತ್ತರದಲ್ಲಿ, ಮರದ ನೆತ್ತಿ. ಚುಕ್ಕೆ ಮೂಡಿ, ಒಣಗಿ, ತೂತಾಗಲು ಬೆಳಗಿನಿಂದ ಸಂಜೆಯಷ್ಟು ಹೊತ್ತು ಸಾಲದು, ವಾರಗಳೇ ಬೇಕು. ಚಾಕು ಮುಟ್ಟುವ ಎಷ್ಟೋ ಮೊದಲೇ ಈ ಮರಕ್ಕೆ ರೋಗ ಬಂದಿತ್ತು. ಬೇರೆ ಮರಗಳ ಕೆಳಗೆ ಓಡಾಡಿದ. ಹತ್ತನೆಯದರ ಕೆಳಗೆ ಸಿಕ್ಕಿತು. ಹನ್ನೆರಡನೆಯದರ ಕೆಳಗೆ ಮೂರು ಸಿಕ್ಕವು. ನೀಲಾಬಾಯಿ ಕೂತಲ್ಲಿಂದ ಸರಿಯುತ್ತ ಸರಿಯುತ್ತ ಅವನಿಗಿಂತ ಬೇಗ ಹುಡುಕಿದಳು. ಕತ್ತಲಾಗುವಷ್ಟರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಆದವು. ರೋಗ ಮೇಲಿಂದ ಇಳಿದು ಬರುತ್ತಿತ್ತು. ಅವನು ಕೆಳಗಷ್ಟೇ ನೋಡಿದ್ದ.

"ಅಂದ್ರ ನೀವು ಹಚ್ಚಿದ್ದಲ್ಲ," ಎಂದಳು ನೀಲಾಬಾಯಿ.

"ಅಲ್ಲ."

"ಮಾಡದ ತಪ್ಪು ಇಡೀ ಚಾಳಿನ ಮುಂದ ಒಪ್ಪಿಕೊಂಡು ಬಂದ್ರಿ."

"ಹೌದು."

"ಹೋಗಿ ಹೇಳೂಣೇನು?"

ದಾನಪ್ಪ ಯೋಚಿಸಿದ. ಹೇಳಿದರೆ ತಪ್ಪು ಹೋಗುತ್ತದೆ. ಆದರೆ ಅದರ ಬದಲು ಹನ್ನೊಂದು ರೋಗಿ ಮರಗಳನ್ನು ಮುಟ್ಟಿ ತಿರುಗಿಸಿ ನೋಡಿ 'ಸ್ವಚ್ಛ' ಎಂದು ಚೀಟಿ ಕಟ್ಟಿದವನಾಗುತ್ತಾನೆ. ಹಗ್ಗ ಇದ್ದಲ್ಲೇ ಇರುತ್ತದೆ, ಬಾಲ್ದಿಯ ಪಾಳಿಯೂ ಇರುತ್ತದೆ.

"ಸೌಮ್ಯಾಗ ಈಗ ಹೇಳತೀನಿ. ಆಕಿಗೆ ಗೊತ್ತಾಗಬೇಕು," ಎಂದ. "ಚಾಳಿನವರಿಗೆ ನಾಳೆ."

"ನಾಳೆ ಹೇಳ್ರಿ," ಎಂದಳು ನೀಲಾಬಾಯಿ, ಎದ್ದು ನಿಲ್ಲಲು ಅವನತ್ತ ಕೈ ಚಾಚುತ್ತ. "ಇವತ್ತ ನಿಮ್ಮನ್ನ ಗಿಡ ಕೆಡಿಸಿದಾಂವ ಅಂದ್ಕೊಂಡಾರ. ದಡ್ಡ ಅನ್ನಾಕ ಅವರಿಗೂ ನಾಳಿಗೊಂದು ಕೆಲಸ ಬೇಕಲ್ಲ."